ಸ್ಪಷ್ಟನೆ: ಸ್ಕ್ರೂ ಅಂಟಿದ ಮಾತ್ರಕ್ಕೆ ಸ್ಕ್ರೂಡ್ರೈವರ್ ಒಳ್ಳೆಯದಲ್ಲ

‘ತುದಿಗೆ ಸ್ಕ್ರೂ ಅಂಟಿಕೊಂಡರೆ ಅಸಲಿ ಉಕ್ಕು’ ಎಂಬ ಮೆಸೇಜು ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಅಗ್ಗದ ಸ್ಕ್ರೂಡ್ರೈವರಿನ ತುದಿಗೂ ಅಯಸ್ಕಾಂತ ಉಜ್ಜಿದರೆ ಸ್ಕ್ರೂ ಅಂಟುತ್ತದೆ. ಗಟ್ಟಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಕ್ರೋಮ್ ವೆನೇಡಿಯಂ ಅಥವಾ ಎಸ್-2 ಎಂಬ ಗಟ್ಟಿ ಜಾತಿಯ ಉಕ್ಕಿನ ತುದಿ ಬೇಗ ಸವೆಯುವುದಿಲ್ಲ. ಹಾಗಂತ ಹಿಡಿಯ ಮೇಲಿನ ಬರಹವನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅಲ್ವಾ? ಅಂಗಡಿಯಲ್ಲೇ ಒಂದು ಸ್ಕ್ರೂಗೆ ಕೂರಿಸಿ ನೋಡಿ. ಅಲ್ಲಾಡಬಾರದು. ಪ್ಲಸ್ ತುದಿಯಲ್ಲಿ ಮನೆಗೆ ಜಾಸ್ತಿ ಬೇಕಾಗುವುದು ಪಿಎಚ್-2 (ಫಿಲಿಪ್ಸ್ ಎರಡನೇ ನಂಬರ್) ಅಳತೆ. 32 ತುಂಡಿನ ಸೆಟ್ಟು ಸುಮ್ನೆ ದಂಡ.

ಕರೆಂಟ್ ಕೆಲಸಕ್ಕೆ ಬರೀ ಪ್ಲಾಸ್ಟಿಕ್ ಹಿಡಿ ಸಾಲದು, 1000 ವೋಲ್ಟ್‌ವರೆಗೆ ತಡೆಯುತ್ತದೆ ಎಂಬ ಗುರುತು ಇರಬೇಕು. ಇದ್ದರೂ ಮೊದಲು ಮೇನ್ ಆಫ್ ಮಾಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತುಕ್ಕಿನ ಕಾಟ ಬೇರೆ. ಒರೆಸಿ, ತುಸು ಎಣ್ಣೆ ಸವರಿಡಿ.