ಸಂವಿಧಾನದಾಗ ಪರಿಸರ ಇಲ್ಲ ಅನ್ನೋ ಮೆಸೇಜ್ ಸುಳ್ಳು

ಎರಡು ದಿನದಿಂದ ಸಂಡೂರು ಕಡೆ ವಾಟ್ಸಾಪ್ ಗ್ರೂಪಿನಾಗ ಒಂದು ಮೆಸೇಜ್ ಓಡಾಡಕತ್ತೈತಿ, "ನಮ್ಮ ಸಂವಿಧಾನದಾಗ ಪರಿಸರ ಅನ್ನೋ ಮಾತೇ ಇಲ್ಲ, 2011ರಾಗ ಬಳ್ಳಾರಿ ಗಣಿ ನಿಲ್ಲಿಸಿದ್ದು ಫಾರಿನ್ ವಿಚಾರ ಹಿಡ್ಕೊಂಡು, ಸುಸ್ಥಿರ ಅಭಿವೃದ್ಧಿ ಅಂದ್ರ ಗಣಿ ಪೂರ್ತಿ ಬಂದ್" ಅಂತ.

ಇದೆಲ್ಲಾ ತಪ್ಪು ರೀ. 1950ರಾಗ ಇರಲಿಲ್ಲ, ಅದು ಖರೆ, ಆದ್ರ 1976ರ 42ನೇ ತಿದ್ದುಪಡಿಯಾಗ 48ಎ ವಿಧಿ ಸೇರ್ಸಿ ಕಾಡು ಪರಿಸರ ಕಾಯೋದು ಸರ್ಕಾರದ ಕೆಲಸ ಅಂದ್ರು, 51ಎ(ಜಿ) ಸೇರ್ಸಿ ಅದು ನಮ್ಮ ನಿಮ್ಮ ಕರ್ತವ್ಯನೂ ಅಂದ್ರು, ಆಮ್ಯಾಲೆ ಸುಪ್ರೀಂ ಕೋರ್ಟು 21ನೇ ವಿಧಿಯ ಬದುಕೋ ಹಕ್ಕಿನಾಗೇ ಶುದ್ಧ ಗಾಳಿ ನೀರೂ ಬರ್ತಾವ ಅಂತು.

2011ರಾಗ ಸುಪ್ರೀಂ ಕೋರ್ಟು ನಿಲ್ಲಿಸಿದ ಗಣಿನೂ ಕಾಯಂ ಬಂದ್ ಆಗಿಲ್ಲ. ಅದೇ ಕೋರ್ಟಿನ 2013ರ ತೀರ್ಪಿನಾಗ ಗಣಿ ಲೀಸ್‌ಗಳನ್ನ ಅಕ್ರಮ ಎಷ್ಟೈತಿ ಅಂತ ನೋಡಿ ಎ, ಬಿ, ಸಿ ಅಂತ ವಿಂಗಡಿಸಿ, ಭಾಳ ಅಕ್ರಮ ಇದ್ದ ಸಿ ಲೀಸ್ ಅಷ್ಟೇ ರದ್ದು ಮಾಡಿದ್ರು, ಉಳಿದವಕ್ಕ ಷರತ್ತು, ವರ್ಷಕ್ಕ ಇಷ್ಟೇ ಕಬ್ಬಿಣದ ಅದಿರು ತೆಗೀಬೇಕು ಅನ್ನೋ ಮಿತಿ. ಆ ಮಿತಿನೂ 2022ರಾಗ ಬಳ್ಳಾರಿಗೆ 280 ಲಕ್ಷ ಟನ್ನಿಂದ 350 ಲಕ್ಷಕ್ಕ ಏರೈತಿ. ಅದಿರು ಒಮ್ಮೆ ತೆಗದ್ರ ಮತ್ತ ಹುಟ್ಟಂಗಿಲ್ಲ, ಮೊಮ್ಮಕ್ಕಳ ಪಾಲನ್ನೂ ನಾವೇ ಮುಗಿಸೋದು ನ್ಯಾಯ ಅಲ್ಲ, ಮಿತಿ ಹಾಕೋದರ ಹಿಂದಿನ ವಿಚಾರ ಇದು, ಸುಸ್ಥಿರ ಅಭಿವೃದ್ಧಿ ಅಂದ್ರೂ ಇದೇ. ಅದಿರು ಲಾರಿ ಓಡಾಡ್ತಿದ್ದ ಆ ದಿನಗಳಾಗ ನಮ್ಮವ್ವ ಒಗೆದು ಹಾಕಿದ ಬಿಳಿ ಧೋತ್ರ ಸಂಜೀಕ ಕೆಂಪಗಾಗಿರ್ತಿತ್ತು, ಮೆಣಸಿನಗಿಡಕ್ಕ ನೀರು ಹೊಡದ್ರ ಎಲಿಯಿಂದ ಕೆಂಪು ನೀರೇ ಇಳೀತಿತ್ತು, ನಾ ಕಣ್ಣಾರೆ ನೋಡೀನಿ.

ದಯವಿಟ್ಟು ಆ ಮೆಸೇಜ್ ಮುಂದ ಕಳಸಬ್ಯಾಡ್ರಿ.