ವಾಪಸ್ ಕರೆತಂದ ಗೈಡ್‌ನನ್ನು ಬಯ್ಯಬೇಡಿ

ನಮ್ಮ ಗಂಗಾವತಿಯ ಹುಡುಗರ ಗುಂಪೊಂದು ಉತ್ತರಾಖಂಡದ ಚಳಿಗಾಲದ ಚಾರಣಕ್ಕೆ ಹೋಗಿ, ತುದಿ ಮುಟ್ಟದೆ ಮರಳಿದೆ. ಬಂದಾಗಿನಿಂದ ಗೈಡ್‌ನನ್ನು ಬಯ್ಯುವುದೇ ಬಯ್ಯುವುದು. ದುಡ್ಡು ಹಿಂದಿರುಗಿಸಿ ಎಂದು ಆಯೋಜಕರ ಬೆನ್ನು ಹತ್ತಿದ್ದಾರೆ. ಗುಂಪಿನಲ್ಲಿ ನನ್ನ ಅಕ್ಕನ ಮಗನೂ ಇದ್ದಾನೆ. “ಮಾಮಾ, ರಾತ್ರಿಯೆಲ್ಲ ಹಿಮ ಸುರಿದಿತ್ತು, ನಿಜ. ಆದರೆ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಆದರೂ ಆತ ಮೇಲೆ ಬಿಡಲಿಲ್ಲ” ಎನ್ನುತ್ತಾನೆ. ಆ ಗೈಡ್ ಯಾರೋ ನಾನರಿಯೆ. ಆತನಿಗೆ ನನ್ನ ಕೃತಜ್ಞತೆ ಸಲ್ಲುತ್ತದೆ.

ಹೊಸ ಹಿಮ ಬಿದ್ದ ನಂತರದ ಒಂದೆರಡು ದಿನಗಳೇ ಹಿಮಕುಸಿತಕ್ಕೆ ಅತಿ ಅಪಾಯದ ಹೊತ್ತು. ಆಕಾಶ ತಿಳಿಯಾದ ಮಾತ್ರಕ್ಕೆ ಇಳಿಜಾರು ಗಟ್ಟಿಯಾಗುವುದಿಲ್ಲ. ಹಿಮ ಪದರ ಪದರವಾಗಿ ಕೂತಿರುತ್ತದೆ. ಕೆಳಗಿನ ಪದರ ಕೆಲವೊಮ್ಮೆ ಒಂದಕ್ಕೊಂದು ಅಂಟದ ಹರಳುಗಳಾಗಿ ಸಡಿಲಗೊಂಡಿರುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂತರೆ, ಇಳಿಜಾರಿನಲ್ಲಿ ಜೋಳದ ಕಾಳು ಹರಡಿ ಮೇಲೊಂದು ಶಹಾಬಾದ್ ಕಲ್ಲು ಇಟ್ಟಂತೆ. ಜಾರಲು ಒಂದು ಹೆಜ್ಜೆಯ ಭಾರ ಸಾಕು. ಹಿಮದಡಿ ಸಿಕ್ಕಿದ ಚಾರಣಿಗರಲ್ಲಿ ಹೆಚ್ಚಿನವರ ಮೇಲೆ ಹಿಮ ತಾನಾಗಿ ಬಂದು ಬಿದ್ದದ್ದಲ್ಲ; ಅವರ ಅಥವಾ ಜೊತೆಗಾರರ ಹೆಜ್ಜೆಯೇ ಅದನ್ನು ಕದಲಿಸಿದ್ದು. ಸುಮಾರು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಇದು ಹೆಚ್ಚು. ಕಾಲಡಿ ‘ಧಪ್’ ಎಂದು ಹಿಮ ಕುಸಿದ ಸದ್ದು ಕೇಳಿದರೆ, ಬಿರುಕು ಮುಂದೆ ಓಡಿದರೆ, ಆ ಇಳಿಜಾರಿನ ಕಡೆ ಮತ್ತೆ ಹೆಜ್ಜೆ ಇಡಬಾರದು.

ನಮ್ಮ ಹುಡುಗರಿಗೆ ತಾಕತ್ತಿನ ಮೇಲೆ ನಂಬಿಕೆ. ಅಂಜನಾದ್ರಿಯ ಮೆಟ್ಟಿಲನ್ನು ಓಡುತ್ತ ಹತ್ತುತ್ತಾರೆ, ಸಣಾಪುರದ ಬಂಡೆಗಳನ್ನು ಬರಿಗೈಯಲ್ಲಿ ಏರುತ್ತಾರೆ, ಸಂತೋಷ. ಆದರೆ ನಮ್ಮ ಬಂಡೆ ನಿನ್ನೆ ಇದ್ದಂತೆಯೇ ಇಂದೂ ಇರುತ್ತದೆ. ಹಿಮ ಬೆಳಿಗ್ಗೆ ಒಂದು, ಬಿಸಿಲೇರಿದ ಮೇಲೆ ಇನ್ನೊಂದು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾದಲ್ಲಿ ಪರ್ವತಾರೋಹಣ ತರಬೇತಿಯ ತಂಡವೇ ಹಿಮಕ್ಕೆ ಸಿಕ್ಕಿತು. 27 ಮಂದಿಯ ದೇಹ ಸಿಕ್ಕಿತು, ಇಬ್ಬರು ಸಿಗಲೇ ಇಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿದ್ದ ಸವಿತಾ ಕಂಸ್ವಾಲ್ ಕೂಡ ತೀರಿಕೊಂಡರು. ಅವರಿಗಿಂತ ಹೆಚ್ಚಿನ ತಾಕತ್ತು ನಮ್ಮಲ್ಲಿ ಯಾರಿಗಿದೆ?

ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ನಮ್ಮ ಭಾಗದವರು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಊರೂರಲ್ಲಿ ಪೂಜೆ ಮಾಡಿದೆವು, ಆದರೂ ಅವರು ಉಳಿಯಲಿಲ್ಲ. ಅದೊಂದು ಅಪರೂಪದ ಸಂಗತಿ. ಹೂತುಹೋದವರಿಗೆ ಸಾಮಾನ್ಯವಾಗಿ ಉಳಿದಿರುವುದು ನಿಮಿಷಗಳ ಲೆಕ್ಕ. ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ; ಅರ್ಧ ಗಂಟೆ ದಾಟಿದರೆ ಬಹುತೇಕರು ಉಸಿರುಗಟ್ಟಿ ಸಾಯುತ್ತಾರೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದಿಲ್ಲ. ಅಗೆಯಬೇಕಾದವರು ಪಕ್ಕದಲ್ಲಿದ್ದ ಗೆಳೆಯರೇ. ಅದಕ್ಕೆ ಪ್ರತಿಯೊಬ್ಬರ ಮೈಮೇಲೆ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ ಮತ್ತು ಸಲಿಕೆ ಬೇಕು. ಇವನ್ನು ಬಳಸಿ ಅಭ್ಯಾಸವೂ ಇರಬೇಕು. ಅಕ್ಕನ ಮಗನಿಗೆ ಕೊಟ್ಟ ಪಟ್ಟಿಯಲ್ಲಿ ಥರ್ಮಲ್ ಉಡುಪು, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಇದ್ದವು, ಇವು ಇರಲಿಲ್ಲ. ಸಿಟ್ಟು ಮಾಡುವುದಿದ್ದರೆ ಅದಕ್ಕೆ ಮಾಡಿ.

ನಮ್ಮ ರಜೆಯ ಲೆಕ್ಕವೂ ಗೈಡ್‌ನ ಕತ್ತು ಹಿಸುಕುತ್ತದೆ. ಸೋಮವಾರ ತೋರಣಗಲ್ಲಿನಲ್ಲಿ ಡ್ಯೂಟಿ, ರೈಲಿನ ಟಿಕೆಟ್ ಮೊದಲೇ ಆಗಿದೆ, ಆದ್ದರಿಂದ ಇವತ್ತೇ ಏರಬೇಕು ಎಂದರೆ ಆತ ಏನು ಮಾಡಬೇಕು? ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೊರಡಿ. ಚಂಡೀಗಡದಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಜಿಲ್ಲಾವಾರು ಹಿಮಕುಸಿತದ ಮುನ್ನೆಚ್ಚರಿಕೆ ಕೊಡುತ್ತದೆ. ಚಮೋಲಿ, ಉತ್ತರಕಾಶಿಗೆ ಎಚ್ಚರಿಕೆ ಇದ್ದರೆ ಮನೆಯವರೇ ಫೋನ್ ಮಾಡಿ ಆಯೋಜಕರನ್ನು ಕೇಳಲಿ.

ಮುಂದಿನ ಡಿಸೆಂಬರ್‌ಗೆ ಈಗಲೇ ಹೆಸರು ಕೊಡುತ್ತಿರುವವರು ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಹಾಕಿ: ಕಳೆದ ಚಳಿಗಾಲದಲ್ಲಿ ಎಷ್ಟು ತಂಡಗಳನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆತಂದಿರಿ? ‘ಒಂದನ್ನೂ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ, ಅವರ ಜೊತೆ ನಿಮ್ಮ ಮಕ್ಕಳನ್ನು ಕಳಿಸಬೇಡಿ.