ಥರ್ಮೋಸ್ಟಾಟ್ ಕಿತ್ತರೆ ಹಳೆ ಜೀಪ್ ತಣ್ಣಗಿರುತ್ತದೆಯೇ? ಸತ್ಯಾಂಶ ಇಲ್ಲಿದೆ

"ಹಳೆ ಜೀಪ್ ಹೀಟ್ ಆಗ್ತಿದ್ಯಾ? ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಮತ್ತೆಂದೂ ತೊಂದರೆ ಬರಲ್ಲ" ಎಂಬ ಸಂದೇಶ ಆಗಾಗ ಓಡಾಡುತ್ತದೆ. ಇದು ತಪ್ಪು.

ಥರ್ಮೋಸ್ಟಾಟ್ ಒಂದು ಪುಟ್ಟ ವಾಲ್ವ್. ಒಳಗಿನ ಮೇಣ ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ಕರಗಿ ಹಿಗ್ಗುತ್ತದೆ. ವಾಲ್ವ್ ತೆರೆದು ಕೂಲಂಟ್ (ಇಂಜಿನ್ ತಣಿಸುವ ದ್ರವ) ತನ್ನ ಬಿಸಿ ಬಿಡಲು ರೇಡಿಯೇಟರ್‌ಗೆ ಹರಿಯುತ್ತದೆ. ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ಬೇಕಾದಷ್ಟು ಬಿಸಿಯಾಗಲು ತುಂಬಾ ಹೊತ್ತು ಬೇಕು. ಇಂಧನ ಜಾಸ್ತಿ ಕುಡಿಯುತ್ತದೆ. ಆಯಿಲ್‌ನಲ್ಲಿ ಸೇರಿದ ನೀರಿನಂಶ ಆವಿಯಾಗದೆ ಜಿಡ್ಡು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಬಿಸಿ ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ಮುಟ್ಟದೆ ಇಂಜಿನ್‌ಗೇ ಮರಳುತ್ತದೆ. ಆಗ ಹೀಟ್ ಇನ್ನೂ ಏರುತ್ತದೆ!

ಹಾಗಂತ ಥರ್ಮೋಸ್ಟಾಟ್ ಕೆಡುವುದೇ ಇಲ್ಲ ಅಂತಲ್ಲ. ಮುಚ್ಚಿಕೊಂಡೇ ಸಿಕ್ಕಿಬಿದ್ದರೆ ಇಂಜಿನ್ ಕುದಿಯುತ್ತದೆ. ಪರೀಕ್ಷೆ ಸುಲಭ. ಬಿಚ್ಚಿ, ನೀರಿನ ಪಾತ್ರೆಯಲ್ಲಿ ದಾರದಿಂದ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯದಿದ್ದರೆ ಹೊಸದು ಹಾಕಿ.

ಗುಡ್ಡ ಹತ್ತುವ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ರೇಡಿಯೇಟರನ್ನೇ. ಅದರ ಸಂದುಗಳಲ್ಲಿ ಒಣಗಿದ ಕೆಸರು ಗಾಳಿಯನ್ನು ತಡೆಯುತ್ತದೆ. ನಿಧಾನವಾಗಿ ಏರುವಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ ಅಲ್ವಾ? ಹಾಗಾಗಿ ಬೆಲ್ಟ್, ಫ್ಯಾನ್ ಕ್ಲಚ್ (ಫ್ಯಾನನ್ನು ಇಂಜಿನ್ ತಿರುಗುವಿಕೆಗೆ ಜೋಡಿಸುವ ಭಾಗ) ನೋಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ಕೂಡ ನೋಡಿ. ಅದು ಒತ್ತಡ ಹಿಡಿಯದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ. ಇಂಜಿನ್ ಬಿಸಿ ಇರುವಾಗ ಮಾತ್ರ ಆ ಮುಚ್ಚಳ ತೆಗೆಯಲೇಬೇಡಿ, ಕೈ ಮುಖ ಸುಟ್ಟೀತು.